ಹೊನ್ನಕ್ಕಿ ಮತ್ತು ಹಿತ್ತಿಲಿನ ಹಣ್ಣುಹಕ್ಕಿಗಳು

ಹೊನ್ನಕ್ಕಿ ಸುಮಾರು 25 ಸೆಂ.ಮೀ. ಉದ್ದದ ಹಳದಿ ಹಕ್ಕಿ. ಗಂಡಿನ ಕಣ್ಣಪಟ್ಟಿ, ರೆಕ್ಕೆ ಕಪ್ಪು. ಮೈಸೂರು ಜಿಲ್ಲೆಯ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹೆಚ್ಚಾಗಿ ಚಳಿಗಾಲದಲ್ಲಿ ಕಾಣುತ್ತದೆ. ಹುಳು, ಹಣ್ಣು, ಮಕರಂದ ಇದರ ಆಹಾರ. ಇಂಗ್ಲಿಷಿನಲ್ಲಿ ಇದು ಓರಿಯೋಲ್; ಅಮೆರಿಕದಲ್ಲಿ ಅದೇ ಹೆಸರಿನ ಹಕ್ಕಿಗಳಿಗೆ ಕಿತ್ತಳೆ ಹೋಳು ತೂಗುಹಾಕುತ್ತಾರೆ. ಆದರೆ ಅವು ಬೇರೆಯೇ ಕುಟುಂಬದವು. ನಮ್ಮದು ಎಲೆಮರೆಯ ನಾಚಿಕೆ ಜೀವಿ, ನೆಲಕ್ಕಿಳಿಯುವುದು ಅಪರೂಪ. ಹಣ್ಣಿಟ್ಟ ತಟ್ಟೆಗಿಂತ ಮರವೇ ಇದಕ್ಕೆ ಆಮಂತ್ರಣ: ಆಲ, ಅರಳಿ, ಅತ್ತಿ, ಬಸರಿ. ಜಾಗ ಕಿರಿದಾದರೆ ಗಸಗಸೆ ಹಣ್ಣಿನ ಮರ ಸಾಕು; ಬೇಗ ಬೆಳೆದು ಬಹುಕಾಲ ಹಣ್ಣು ಬಿಡುತ್ತದೆ. ಪಿಕಳಾರ, ಕುಟ್ರುಹಕ್ಕಿ, ಕೋಗಿಲೆಗಳೂ ಬರುತ್ತವೆ. ಮಾಗಿದ ಪಪ್ಪಾಯಿ, ಬಾಳೆಹಣ್ಣನ್ನು ಬೆಕ್ಕಿಗೆ ಎಟುಕದ ಕೊಂಬೆಗೆ ಸಿಕ್ಕಿಸಬಹುದು. ಕೊಳೆಯುವ ಮುನ್ನ ತೆಗೆಯಬೇಕು. ತಂಬಾಕು ಹದಮಾಡಲು ಸೌದೆ ಉರಿಸುವ ಈ ಸೀಮೆಯಲ್ಲಿ ಬೇಲಿಯಂಚಿನ ಹಳೆಯ ಅತ್ತಿಮರ ಉಳಿಸುವುದು ಹೊಸ ಸಸಿ ನೆಡುವುದಕ್ಕಿಂತ ದೊಡ್ಡ ಕೆಲಸ.