ಹ್ಯಾಂಡಲ್ ಇಲ್ಲದ ಕಾರು

ನಮ್ಮ ತಂದೆಯವರ ಅಂಬಾಸಿಡರ್ ಕಾರಿಗೆ ಮಳೆಗಾಲದಲ್ಲಿ ನಾಲ್ಕು ತಿಂಗಳು ರಜೆ. ಜೂನ್ ಮಳೆಗೆ ಮನೆಯ ಮಣ್ಣುರಸ್ತೆ ಕೆಸರಾದೊಡನೆ ಅದನ್ನು ಕೊಟ್ಟಿಗೆಯ ಪಕ್ಕದ ಇಳಿಮಾಡಿಗೆ ಸೇರಿಸಿ, ಬಾನೆಟ್ ಎತ್ತಿ, ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಆ ಹೆಣಭಾರದ ಪೆಟ್ಟಿಗೆಯನ್ನು ಜಗಲಿಯ ಹಲಗೆಯ ಮೇಲೆ ತಂದಿಡುತ್ತಿದ್ದರು. ತಿಂಗಳಿಗೊಮ್ಮೆ ಅದು ಬಸ್ಸಿನಲ್ಲಿ ಸಾಗರದ ಪೇಟೆಗೆ ಹೋಗಿ ಚಾರ್ಜ್ ಆಗಿ ಬರುತ್ತಿತ್ತು. "ನಿಂತ ಕಾರಿಗೂ ಹೊಟ್ಟೆಗೆ ಹಾಕಬೇಕೇ?" ಎಂದು ಅಮ್ಮ ನಗುತ್ತಿದ್ದಳು.

ಆ ಮಾತು ನನಗೆ ನೆನಪಾದದ್ದು 2020ರ ಮೇ ಮೊದಲ ವಾರದ ಒಂದು ರಾತ್ರಿ, ಶಿವಮೊಗ್ಗದ ನನ್ನ ಮನೆಯಲ್ಲಿ. ಎಂಬತ್ತು ದಾಟಿದ ಅಮ್ಮನಿಗೆ ಮೂರು ಗಂಟೆಯ ಹೊತ್ತಿಗೆ ಏದುಸಿರು ಹತ್ತಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರಲು ಒಂದು ಗಂಟೆಯಾದರೂ ಬೇಕೆಂದರು. ಅಮ್ಮನನ್ನು ಎತ್ತಿ ತಂದು ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. 'ಟಕ್' ಎಂದಿತು, ಅಷ್ಟೆ. ಮಾರ್ಚ್ 24ರ ಸಂಜೆ ಲಾಕ್‌ಡೌನ್ ಘೋಷಣೆಯಾದಾಗ ನಿಲ್ಲಿಸಿದ ಕಾರು ಅದು. ನಲವತ್ತು ದಿನ ಅಲುಗಿರಲಿಲ್ಲ.

ಅಂಬಾಸಿಡರ್ ಆಗಿದ್ದರೆ ಡಿಕ್ಕಿಯಲ್ಲಿ ಹ್ಯಾಂಡಲ್ ಇರುತ್ತಿತ್ತು. ಮುಂದಿನ ತೂತಿನಲ್ಲಿ ಅದನ್ನು ತೂರಿಸಿ ರಟ್ಟೆ ಹಾಕಿ ತಿರುಗಿಸಿದರೆ, ಇಳಿದ ಬ್ಯಾಟರಿಯಲ್ಲೂ ಎಂಜಿನ್ ಹಿಡಿಯುತ್ತಿತ್ತು. ಸೆಲ್ಫ್ ಹೊಡೆಯಲು ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಕಿಡಿಗೆ ಕೆಲವೇ ಆಂಪಿಯರ್ ಸಾಕು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕೆಂದು ತಂದೆ ಗದರುತ್ತಿದ್ದರು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದು ಖಂಡಿತ.

ಕಾರುಗಳ ಮೊದಲ ದಿನಗಳಲ್ಲಿ ಹೀಗೆ ಕೈ ಮುರಿದುಕೊಂಡವರು ಎಷ್ಟೋ ಮಂದಿ. ಅದನ್ನು ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನು ಮೊದಲು ಅಂಗಡಿಯ ಹಣದ ಯಂತ್ರಕ್ಕೆ ವಿದ್ಯುತ್ ಮೋಟರ್ ಕೂಡಿಸಿದವನು. ಕೆಲವೇ ಸೆಕೆಂಡು ದುಡಿಯುವ ಮೋಟರಿಗೆ ಅಳತೆ ಮೀರಿದ ಕೆಲಸ ಕೊಟ್ಟರೂ ಸುಡುವುದಿಲ್ಲವೆಂದು ಅಲ್ಲಿ ಕಲಿತಿದ್ದ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅವನ ಸೆಲ್ಫ್ ಸ್ಟಾರ್ಟರ್ ಬಂತು. ಹ್ಯಾಂಡಲ್ ಹೊಡೆಯುವ ಕಷ್ಟವಿಲ್ಲವೆಂದೇ ಅಂದು ಬ್ಯಾಟರಿ ಕಾರುಗಳನ್ನು ಮೆಚ್ಚುವವರಿದ್ದರು. ಪೆಟ್ರೋಲ್ ಕಾರು ಒಂದು ಬ್ಯಾಟರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನ್ನು ಹಿಂದಿಕ್ಕಿತು. ತಮಾಷೆಯೆಂದರೆ ಇದೇ.

ಬ್ಯಾಟರಿಯೋ ಕಾರಿಗಿಂತ ಹಳೆಯದು. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿದ. 1881ರಲ್ಲಿ ಅದೇ ದೇಶದ ಫೋರ್ ಎಂಬವನು ಸೀಸದ ಆಕ್ಸೈಡಿನ ಲೇಪ ಬಳಿದು ಅದರ ಧಾರಣೆಯನ್ನು ಹೆಚ್ಚಿಸಿದ. ಮೆತ್ತನೆಯ ಸೀಸ ಗಟ್ಟಿಯಾಗಲೆಂದು ಮುಂದೆ ಆಂಟಿಮನಿ ಬೆರೆಸಿದರು. ಆ ಆಂಟಿಮನಿಯೇ ಒಳಗೊಳಗೆ ಚಾರ್ಜನ್ನು ತಿನ್ನುವ ಕಳ್ಳ. ತಂದೆ ತಂತಿ ಬಿಚ್ಚಿಟ್ಟರೂ ತಿಂಗಳಿಗೊಮ್ಮೆ ಪೇಟೆಗೆ ಕಳಿಸಬೇಕಾಗುತ್ತಿದ್ದುದು ಅದಕ್ಕೇ. ಕಳಿಸದಿದ್ದರೆ ಫಲಕಗಳ ಮೇಲೆ ಕಟ್ಟುವ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಪೂರ್ತಿ ಏರುವುದಿಲ್ಲ. 1970ರ ದಶಕದಿಂದೀಚೆಗೆ ಆಂಟಿಮನಿಯ ಬದಲು ಕ್ಯಾಲ್ಸಿಯಂ ಬಂದು ಈ ಕಾಟ ಬಹಳ ಕಡಿಮೆಯಾಯಿತು.

ಹಾಗಾದರೆ ನನ್ನ ಬ್ಯಾಟರಿ ಏಕೆ ಸತ್ತಿತು? ಮೆಕ್ಯಾನಿಕ್ ಆಮೇಲೆ ಮೀಟರ್ ಹಚ್ಚಿ ತೋರಿಸಿದ. ಕೀಲಿ ತೆಗೆದ ಮೇಲೂ ಗಡಿಯಾರ, ಕಳ್ಳಗಂಟೆ, ಎಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಎಲ್ಲ ಸೇರಿ 40 ಮಿಲಿಆಂಪಿಯರ್ ಎಳೆಯುತ್ತಿದ್ದವು. "ರಿಪೇರಿ ಏನೂ ಇಲ್ಲ ಸಾರ್, 50ರ ಒಳಗಿದ್ರೆ ಸರಿಯೇ" ಎಂದ. ದಿನಕ್ಕೆ ಸುಮಾರು ಒಂದು ಆಂಪಿಯರ್-ಗಂಟೆ. ನಲವತ್ತು ದಿನಕ್ಕೆ 38. ಬ್ಯಾಟರಿಯ ಮೇಲೆ ಬರೆದಿದ್ದದ್ದು 35.

ಲೆಕ್ಕ ಆ ರಾತ್ರಿ ಗೊತ್ತಿರಲಿಲ್ಲ. ಎದುರುಮನೆಯ ಅಪ್ಪ-ಮಗ ಮೂಗುಬಟ್ಟೆ ಕಟ್ಟಿಕೊಂಡು ಬಂದು ಇಳಿಜಾರಿನಲ್ಲಿ ತಳ್ಳಿದರು. ನಾನು ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಕಾರು ಮುಗ್ಗರಿಸಿ ನಿಂತಿತು. ಪೆಟ್ರೋಲ್ ಎತ್ತುವ ಪಂಪಿಗೂ ಕರೆಂಟು, ಕಿಡಿ ಹೊಡೆಯೆನ್ನುವ ಕಂಪ್ಯೂಟರಿಗೂ ಕರೆಂಟು. ಪೂರ್ತಿ ಬರಿದಾದ ಬ್ಯಾಟರಿಯಿದ್ದರೆ ತಳ್ಳಿ ಫಲವಿಲ್ಲ. ಅಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು. ಅವಳ ಉಸಿರಿನ ಸದ್ದು ಬೀದಿಗೆಲ್ಲ ಕೇಳುತ್ತಿತ್ತು.

ಆಗ ತಿರುವಿನಲ್ಲಿ ಹಾಲಿನ ವ್ಯಾನು ಕಂಡಿತು. ಊರಿಗೆ ಊರೇ ಬಾಗಿಲು ಹಾಕಿದ್ದಾಗಲೂ ದಿನ ತಪ್ಪದೆ ಓಡಿದ ಗಾಡಿ. ಹುಡುಗ ಏನೂ ಕೇಳದೆ ಸೀಟಿನಡಿಯಿಂದ ಕೆಂಪು-ಕಪ್ಪು ಕೇಬಲ್ ತೆಗೆದು ಎರಡೂ ಬ್ಯಾಟರಿಗೆ ಕಚ್ಚಿಸಿದ. ಐದು ನಿಮಿಷ ಕಾದು, "ಹೊಡೀರಿ ಸಾರ್" ಎಂದ. ಹಿಡಿಯಿತು. ಅವನ ಹೆಸರು ಕೇಳಿಕೊಂಡದ್ದು ವಾರದ ಮೇಲೆ.

ಅಮ್ಮ ಮತ್ತೆರಡು ವರ್ಷ ಇದ್ದಳು. ಆಸ್ಪತ್ರೆಯಿಂದ ಬಂದ ದಿನ ಕಾರಿನ ಮುಂದೆ ನಿಂತು, "ಇದಕ್ಕೆ ಹ್ಯಾಂಡಲ್ ತೂರಿಸೋ ತೂತೇ ಇಲ್ಲವಲ್ಲೋ" ಎಂದಳು.

ಈಗ ಊರಿಗೆ ಹೋಗುವಾಗ ನಾನೂ ನೆಗೆಟಿವ್ ತಂತಿ ಬಿಚ್ಚಿಟ್ಟು ಹೋಗುತ್ತೇನೆ. ಮರಳಿ ಕೂಡಿಸಿದಾಗಲೆಲ್ಲ ಕಾರಿನ ಗಡಿಯಾರ ಹನ್ನೆರಡರಿಂದ ಶುರುವಾಗುತ್ತದೆ. ಅದನ್ನು ಸರಿಪಡಿಸುವುದನ್ನು ಬಿಟ್ಟಿದ್ದೇನೆ.