ಅತ್ತಿಯೂ ಅಂಜೂರವೂ

ಅತ್ತಿಯ ಹಣ್ಣನ್ನು ಬಿಚ್ಚಿದರೆ ಹುಳುವೇ ಎಂದು ನಮ್ಮಲ್ಲಿ ಗಾದೆಯುಂಟು. ಆ ಹುಳುವು ದೋಷವಲ್ಲ. ಒಳಗಿನ ಹೂಗಳಿಗೆ ಪರಾಗವನ್ನು ತರುವ ಪುಟ್ಟ ಕಣಜವದು. ಅತ್ತಿಯ ಬಂಧುವಾದ ಅಂಜೂರದಲ್ಲಿಯಾದರೋ ಕಣಜದ ಹಂಗಿಲ್ಲದೆ ಮಾಗುವ ತಳಿಗಳಿವೆ. ಫ್ರಾನ್ಸಿನ ಸೋಲಿಯೆಸ್ ಪ್ರಾಂತದ ನೇರಳೆ ಅಂಜೂರವೂ ನಮ್ಮ ಪೂನಾ ಅಂಜೂರವೂ ಅಂಥವು.

ಅತ್ತಿ ದ್ರಾವಿಡ ಶಬ್ದ; ಅಂಜೂರವು ಪಾರಸಿಯಿಂದ ಬಂದುದು. ಈ ಎರಡು ನುಡಿಗಳ ಸಮಾಗಮವನ್ನು ಕಾಣಬೇಕಾದರೆ ನಾವು ಮುದಗಲ್ಲಿಗೆ ಹೋಗಬೇಕು. ಕೃಷ್ಣಾ ತುಂಗಭದ್ರೆಗಳ ನಡುವಣ ಆ ದುರ್ಗಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಬಹುಕಾಲ ಕಾದಿದರು. 1565ರ ಯುದ್ಧಾನಂತರ ಅದು ಬಿಜಾಪುರಕ್ಕೆ ಸೇರಿತು. ಅದರ ಕಲ್ಲುಗಳಲ್ಲಿ ಕನ್ನಡ ಶಾಸನಗಳೂ ಪಾರಸಿ ಶಾಸನಗಳೂ ಇವೆ. ಆ ರಾಜ್ಯಗಳೊಂದೂ ಉಳಿಯಲಿಲ್ಲ. ಪಾರಸಿಯ ಹೆಸರು ಮಾತ್ರ ಕನ್ನಡಿಗರ ಹಣ್ಣಿನಂಗಡಿಯಲ್ಲಿ ಉಳಿದಿದೆ. ಹಗೆಗಳ ನಡುವೆಯೂ ಜನರು ಕೊಡುಕೊಳ್ಳುವುದನ್ನು ಬಿಡಲಿಲ್ಲವೆಂಬುದಕ್ಕೆ ನಮಗೆ ಇದಕ್ಕಿಂತ ಸವಿಯಾದ ಸಾಕ್ಷಿ ಬೇಕೆ?