ಹಳಿ, ಹಿತ್ತಲು, ಶಾಲೆ

ಬೆಂಗಳೂರಿನಿಂದ ಲಂಡನ್ನಿಗೆ ಕೆಲಸದ ಮೇಲೆ ಹೊರಟ ದಂಪತಿಗೆ ನಾಲ್ಕು ವರ್ಷದ ಮಗಳೂ ಒಂದೂವರೆ ವರ್ಷದ ಮಗನೂ ಇದ್ದರೆ, ವೀಸಾ ಕೈಸೇರುವ ಮೊದಲೇ ಆ ಊರಿನ ನಕ್ಷೆ ಮುಂದಿಟ್ಟುಕೊಂಡು ಕೂರುತ್ತಾರೆ. ಸ್ಟೇಷನ್ನಿಗೆ ನಡೆದು ಹೋಗಬಹುದೆ? ಆಫೀಸಿಗೆ ಎಷ್ಟು ನಿಮಿಷ? ಮನೆಗೆ ಹಿತ್ತಲಿದೆಯೆ? ಶಾಲೆ ಹೇಗಿದೆ? ಇವು ತಮ್ಮ ಸಂಸಾರಕ್ಕೆಂದೇ ಹುಟ್ಟಿದ ಪ್ರಶ್ನೆಗಳು ಎಂದು ಅವರಿಗೆ ಅನಿಸುವುದು ಸಹಜ. ಆದರೆ ಮೊದಲ ಮೂರನ್ನು ನೂರು ವರ್ಷದ ಹಿಂದೆಯೇ ಒಂದು ರೈಲು ಕಂಪನಿಯ ಪ್ರಚಾರ ವಿಭಾಗ ಜನರ ತಲೆಗೆ ಹಾಕಿಬಿಟ್ಟಿತ್ತು. ನಾಲ್ಕನೆಯದಕ್ಕೆ ಉತ್ತರ ಹುಡುಕಿದ ವಲಸಿಗರ ಪಾಡಂತೂ ಬೇರೆಯೇ ಕಥೆ.

ಆ ಕಂಪನಿ ಮೆಟ್ರೋಪಾಲಿಟನ್ ರೈಲ್ವೆ. ಜಗತ್ತಿನ ಮೊದಲ ಸುರಂಗ ರೈಲನ್ನು 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಓಡಿಸಿದ್ದು ಅದೇ. ಅದೂ ಉಗಿ ಎಂಜಿನ್ನಿನ ಹೊಗೆಯಲ್ಲಿ. 1872ರಲ್ಲಿ ಅಧ್ಯಕ್ಷನಾಗಿ ಬಂದ ಎಡ್ವರ್ಡ್ ವಾಟ್ಕಿನ್‌ಗೆ ನಗರದೊಳಗಿನ ಸುರಂಗ ಸಾಲಲಿಲ್ಲ. ಮ್ಯಾಂಚೆಸ್ಟರಿನಿಂದ ಲಂಡನ್ ದಾಟಿ, ಕಡಲ ತಳದ ಸುರಂಗದಲ್ಲಿ ಹಾದು ಪ್ಯಾರಿಸ್ ಮುಟ್ಟುವ ರೈಲಿನ ಕನಸು ಆತನದು. ಹಳಿ ವಾಯವ್ಯಕ್ಕೆ ಹೊಲಗಳ ನಡುವೆ ಸಾಗಿತು: 1880ಕ್ಕೆ ಹ್ಯಾರೋ, 1885ಕ್ಕೆ ಪಿನ್ನರ್, 1892ಕ್ಕೆ ಎಯ್ಲ್ಸ್‌ಬರಿ. ದಾರಿಯಲ್ಲಿ ವೆಂಬ್ಲಿಯಲ್ಲಿ ಐಫೆಲ್ ಗೋಪುರವನ್ನೂ ಮೀರಿಸುವ ಗೋಪುರವೊಂದಕ್ಕೆ ಕೈಹಾಕಿದ. ಅದು ಮೊದಲ ಅಂತಸ್ತಿಗೇ ನಿಂತುಹೋಗಿ, 1907ರಲ್ಲಿ ನೆಲಸಮವಾಯಿತು. ವೆಂಬ್ಲಿ ಸ್ಟೇಡಿಯಂ ಎದ್ದದ್ದು ಅದೇ ಜಾಗದಲ್ಲಿ.

ಗೋಪುರ ಬಿದ್ದರೂ ಕಂಪನಿಯ ಕೈಯಲ್ಲಿ ಗೋಪುರಕ್ಕಿಂತ ಬೆಲೆಬಾಳುವ ಒಂದು ಸವಲತ್ತು ಉಳಿದಿತ್ತು. ಹಳಿ ಹಾಕಲು ಕೊಂಡ ಜಮೀನಿನಲ್ಲಿ ಮಿಕ್ಕಿದ್ದನ್ನು ಬೇರೆ ರೈಲು ಕಂಪನಿಗಳು ಇಂತಿಷ್ಟು ವರ್ಷದೊಳಗೆ ಮಾರಲೇಬೇಕೆಂಬ ಕಾನೂನಿತ್ತು. ಮೆಟ್ರೋಪಾಲಿಟನ್‌ಗೆ ಮಾತ್ರ ಅದನ್ನು ಇಟ್ಟುಕೊಳ್ಳುವ, ಅದರಲ್ಲಿ ಮನೆ ಕಟ್ಟಿಸುವ ವಿಶೇಷ ಅಧಿಕಾರ ಸಿಕ್ಕಿತ್ತು. 1908ರಲ್ಲಿ ಜನರಲ್ ಮ್ಯಾನೇಜರ್ ಆದ ರಾಬರ್ಟ್ ಸೆಲ್ಬಿ ಇದರ ಬೆಲೆ ಬಲ್ಲವನು. ಮನೆಯನ್ನು ಮಾರುವುದು ಒಂದೇ ಸಲ. ಆ ಮನೆಯ ಯಜಮಾನನಿಗೆ ಸೀಸನ್ ಟಿಕೆಟ್ಟನ್ನು ಆತ ನಿವೃತ್ತನಾಗುವವರೆಗೂ ಮಾರಬಹುದು. ಮೊದಲ ಮಹಾಯುದ್ಧದ ನಡುವೆಯೇ, 1915ರಲ್ಲಿ, ಕಂಪನಿ ತನ್ನ ಹಳಿಯ ಎರಡೂ ಬದಿಯ ಊರುಗಳನ್ನೆಲ್ಲ ಸೇರಿಸಿ ‘ಮೆಟ್ರೋ-ಲ್ಯಾಂಡ್’ ಎಂದು ಕರೆದು ಕೈಪಿಡಿ ಹೊರತರಲು ಶುರುಮಾಡಿತು. 1919ರಲ್ಲಿ ಮನೆ-ನಿವೇಶನಗಳಿಗೆಂದೇ ಬೇರೆ ಕಂಪನಿ ಹುಟ್ಟಿತು. ಕೈಪಿಡಿ 1932ರವರೆಗೂ ಬರುತ್ತಲೇ ಇತ್ತು. ಬೀಚ್ ಮರಗಳ ಕಾಡು, ಹೂದೋಟ, ಕಾಲುದಾರಿ, ಸುಣ್ಣ ಬಳಿದ ಹಳ್ಳಿಮನೆ ಇವುಗಳ ಬಣ್ಣದ ಚಿತ್ರ ಮುಂದೆ. ಮನೆಗಳ ಜಾಹೀರಾತು ಹಿಂದೆ. ಹಳ್ಳಿಯ ಗಾಳಿ, ನಗರದ ಸಂಬಳ, ನಡುವೆ ನಮ್ಮ ರೈಲು ಎನ್ನುವುದು ಒಟ್ಟು ಸಾರಾಂಶ.

ಈ ಗಾಳಿ ಎಲ್ಲರಿಗೂ ಬೀಸಲಿಲ್ಲ. ಲಂಡನ್ನಿನ ಯಾವ ದಿಕ್ಕಿನಲ್ಲಿ ಯಾರು ಬದುಕಬೇಕು ಎಂಬುದನ್ನು ಬಹುಮಟ್ಟಿಗೆ ಟಿಕೆಟ್ ದರವೇ ತೀರ್ಮಾನಿಸಿತ್ತು. ಈಶಾನ್ಯದ ಗ್ರೇಟ್ ಈಸ್ಟರ್ನ್ ರೈಲ್ವೆ ನಸುಕಿನಲ್ಲಿ ಕೂಲಿಕಾರರಿಗಾಗಿ ಅಗ್ಗದ ರೈಲು ಓಡಿಸಬೇಕಾಗಿತ್ತು. 1883ರ ಅಗ್ಗದ ರೈಲುಗಳ ಕಾಯ್ದೆ ಉಳಿದ ಕಂಪನಿಗಳಿಗೂ ಆ ಹೊಣೆ ಹೊರಿಸಿತು. ವಾಲ್ಥಮ್‌ಸ್ಟೋ, ಎಡ್ಮಂಟನ್ ಕಡೆ ಸಾಲುಮನೆಗಳು ಒತ್ತೊತ್ತಾಗಿ ಎದ್ದದ್ದು ಹಾಗೆ. ವಾಯವ್ಯದಲ್ಲಿ ಗುಮಾಸ್ತ, ಬ್ಯಾಂಕ್ ನೌಕರ, ಮೇಷ್ಟ್ರು ಬಂದರು. ಲಂಡನ್ ಕೌಂಟಿ ಕೌನ್ಸಿಲ್ ಕಾರ್ಮಿಕರಿಗಾಗಿ ಪೂರ್ವದಲ್ಲಿ ಬೆಕಂಟ್ರಿ ಎಂಬ ಬಡಾವಣೆಯನ್ನು 1921ರಿಂದ ಕಟ್ಟಿಸತೊಡಗಿತು. ಒಂದು ಲಕ್ಷಕ್ಕೂ ಹೆಚ್ಚು ಜನ ತುಂಬಿದ ಆ ಬಡಾವಣೆಯಲ್ಲಿ ಮನೆ ಮೊದಲು ಬಂತು, ಶಾಲೆ ಆಮೇಲೆ ಬಂತು; ಆರಂಭದ ವರ್ಷಗಳಲ್ಲಿ ಕುಳಿತು ಕಲಿಯಲು ಜಾಗವಿಲ್ಲದ ಮಕ್ಕಳು ಬೀದಿಯಲ್ಲೇ ಬೆಳೆದರು.

ಮೆಟ್ರೋ-ಲ್ಯಾಂಡ್ ಬೆಳೆದ ವೇಗಕ್ಕೆ ರೇನರ್ಸ್ ಲೇನ್ ಸ್ಟೇಷನ್ ಸಾಕ್ಷಿ. 1930ರಲ್ಲಿ ಅಲ್ಲಿ ವರ್ಷಕ್ಕೆ 22,000 ಪ್ರಯಾಣಿಕರು. 1937ರಲ್ಲಿ 40 ಲಕ್ಷ. ಹೊಲದ ನಡುವಿನ ಹಲಗೆ ಪ್ಲಾಟ್‌ಫಾರ್ಮಿನ ಸುತ್ತ ಏಳೇ ವರ್ಷದಲ್ಲಿ ಪಟ್ಟಣ ಎದ್ದಿತ್ತು. 1936ರಲ್ಲಿ ಅಲ್ಲೊಂದು ಸಿನಿಮಾ ಮಂದಿರವೂ ಬಂತು. ಮುಂಭಾಗದಲ್ಲಿ ಕಾಂಕ್ರೀಟಿನಲ್ಲಿ ಮಾಡಿದ, ಆನೆಯ ಸೊಂಡಿಲಿನಂತೆ ಕಾಣುವ ವಿಚಿತ್ರ ಕಮಾನು. ಇಂದು ಅದು ಯುರೋಪಿನ ಪಾರ್ಸಿಗಳ ಧಾರ್ಮಿಕ ಕೇಂದ್ರ. ಬ್ರಿಟಿಷ್ ಗುಮಾಸ್ತರು ಶನಿವಾರ ಸಂಜೆ ಸಿನಿಮಾ ನೋಡುತ್ತಿದ್ದ ಕಟ್ಟಡದಲ್ಲಿ ಈಗ ನವ್‌ರೋಜ್ ನಡೆಯುತ್ತದೆ.

ಮೆಟ್ರೋ-ಲ್ಯಾಂಡಿನ ಮನೆಯೆಂದರೆ ಒಂದು ಗೋಡೆ ಹಂಚಿಕೊಂಡ ಜೋಡಿಮನೆ, ಮೇಲೆ ಮೂರು ಮಲಗುವ ಕೋಣೆ, ಮುಂದೆ ಹೂ, ಹಿಂದೆ ಹುಲ್ಲು. ಗೋಡೆಯ ಮೇಲೆ ಕಪ್ಪು ಮರದ ಪಟ್ಟಿಗಳನ್ನು ಬಡಿದು ಹದಿನಾರನೇ ಶತಮಾನದ ವೇಷ ಹಾಕಿಸಿದ್ದರು. ವಾಸ್ತುಶಿಲ್ಪದ ಪಂಡಿತರು ಇದನ್ನು ಕಂಡು ಮೂಗು ಮುರಿದದ್ದೇ ಮುರಿದದ್ದು. ಆದರೆ ಒಂದೇ ಕೋಣೆಯಲ್ಲಿ ನಾಲ್ಕು ಮಕ್ಕಳನ್ನು ಮಲಗಿಸಿದ ತಾಯಂದಿರಿಗೆ ಆ ಮನೆಗಳ ಬಗ್ಗೆ ಯಾವ ತಕರಾರೂ ಇರಲಿಲ್ಲ. 1932ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರವನ್ನು ಶೇ. 2ಕ್ಕೆ ಇಳಿಸಿದ ಮೇಲೆ ಸಾಲ ಅಗ್ಗವಾಯಿತು. ಕಟ್ಟುವವರೂ ಸಾಲ ಕೊಡುವ ಸೊಸೈಟಿಗಳೂ ಒಳಗೊಳಗೇ ಒಪ್ಪಂದ ಮಾಡಿಕೊಂಡು, ಕೈಯಲ್ಲಿ ಹೆಚ್ಚು ಕಾಸಿಲ್ಲದವರಿಗೂ ಮನೆ ಮಾರಿದರು. ಕಟ್ಟಡದ ಗುಣಮಟ್ಟ ಹಾಗೆಯೇ ಇಳಿಯಿತು.

ಇದಕ್ಕೆ ಎದುರು ನಿಂತವರು ಲಂಡನ್ನಿನ ಇನ್ನೊಂದು ತುದಿಯ ವೆಸ್ಟ್ ವಿಕಮ್‌ನ ಗೃಹಿಣಿ ಎಲ್ಸಿ ಬಾರ್ಡರ್ಸ್. ಟ್ಯಾಕ್ಸಿ ಚಾಲಕನ ಹೆಂಡತಿ. ಹೊಸ ಮನೆ ಸೋರಿತು, ಗೋಡೆಗೆ ತೇವ ಹಿಡಿಯಿತು. ಅವರು ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಮನೆ ವಶಪಡಿಸಿಕೊಳ್ಳಲು ಸೊಸೈಟಿ ಕೋರ್ಟಿಗೆ ಹೋದಾಗ, ವಕೀಲರನ್ನು ಇಟ್ಟುಕೊಳ್ಳದೆ ಹೈಕೋರ್ಟಿನಲ್ಲಿ ತಾವೇ ವಾದಿಸಿದರು. ಅವರನ್ನು ನೋಡಿ ಬಡಾವಣೆ ಬಡಾವಣೆಗಳಲ್ಲೇ ಕಂತು ಮುಷ್ಕರ ಹಬ್ಬಿತು. ಕೊನೆಗೆ ಕಾನೂನಿನ ಹೋರಾಟದಲ್ಲಿ ಅವರಿಗೆ ಜಯ ಸಿಗಲಿಲ್ಲ, ಆದರೆ ಸರ್ಕಾರ 1939ರಲ್ಲಿ ಸೊಸೈಟಿಗಳ ಕಾಯ್ದೆಯನ್ನು ಬದಲಿಸಬೇಕಾಯಿತು. ಮೆಟ್ರೋ-ಲ್ಯಾಂಡಿನ ಹೂದೋಟಗಳ ಬಗ್ಗೆ ಬರೆದವರೆಲ್ಲ ಈ ಹೆಣ್ಣುಮಗಳ ಬಗ್ಗೆಯೂ ಒಂದು ಸಾಲು ಬರೆಯಬೇಕಿತ್ತು.

ಹಗಲು ಹೊತ್ತಿನ ಉಪನಗರ ಹೆಂಗಸರದು, ಕೈಗೂಸುಗಳದು. ಎಂಟು ಗಂಟೆಯ ರೈಲಿಗೆ ಗಂಡಸರು ಹೋದರೆ ಸಂಜೆಯವರೆಗೂ ಬೀದಿ ಖಾಲಿ. ತಾಯಿ, ಅಕ್ಕತಂಗಿಯರೆಲ್ಲ ಲಂಡನ್ನಿನ ಹಳೆಯ ಗಲ್ಲಿಗಳಲ್ಲೇ ಉಳಿದಿದ್ದರು. 1938ರಲ್ಲಿ ವೈದ್ಯ ಸ್ಟೀಫನ್ ಟೇಲರ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದಕ್ಕೊಂದು ರೋಗದ ಹೆಸರನ್ನೇ ಕೊಟ್ಟರು. ತಲೆನೋವು, ನಿದ್ರೆಗೇಡು, ಬೆನ್ನುನೋವು ಎಂದು ಬರುವ ಎಳೆಯ ತಾಯಂದಿರ ಕಾಯಿಲೆಗೆ ಒಂಟಿತನ, ಸಾಲದ ಕಂತು, ಮಾತಿಗೆ ಜನರಿಲ್ಲದ ಬಡಾವಣೆ ಕಾರಣ ಎಂದರು. ಮಾತು ಬಹುಬೇಗ ಹರಡಿತು. ಅದೇ ಟೇಲರ್ 1964ರಲ್ಲಿ, ಎರಡನೇ ಮಹಾಯುದ್ಧದ ನಂತರ ಕಟ್ಟಿದ ಹಾರ್ಲೋ ಎಂಬ ಹೊಸ ಊರನ್ನು ಸಹೋದ್ಯೋಗಿಯೊಬ್ಬರ ಜೊತೆ ಅಧ್ಯಯನ ಮಾಡಿ, ಇಂಥ ನರಳಾಟ ಬೇರೆ ಕಡೆಯಷ್ಟೇ ಇಲ್ಲೂ ಇದೆ, ಹೆಚ್ಚೇನೂ ಇಲ್ಲ ಎಂದು ಬರೆದರು. ಈ ತಿದ್ದುಪಡಿಗೆ ಮೊದಲ ಲೇಖನದಷ್ಟು ಪ್ರಚಾರ ಸಿಗಲಿಲ್ಲ. ಅವಲಂಬಿತರ ವೀಸಾದ ಮೇಲೆ ಬಂದು, ಮಳೆಯ ಮಧ್ಯಾಹ್ನ ಮಗುವಿನ ಜೊತೆ ಒಬ್ಬರೇ ಕೂತ ಇಂದಿನ ತಾಯಿಗೆ ಟೇಲರ್ ಅವರ ಯಾವ ಲೇಖನ ಹೆಚ್ಚು ನಿಜವೆನಿಸೀತು ಎಂಬುದು ಬೇರೆ ಪ್ರಶ್ನೆ.

1933ರಲ್ಲಿ ಮೆಟ್ರೋಪಾಲಿಟನ್ ಕಂಪನಿ ಲಂಡನ್ನಿನ ಸಾರಿಗೆ ಮಂಡಳಿಯಲ್ಲಿ ವಿಲೀನವಾಯಿತು. ಮನೆಗಳು ಉಳಿದವು. ಅವುಗಳ ಬಾಗಿಲಿಗೆ ಯುದ್ಧ ಮುಗಿದ ಮೇಲೆ ಬಂದವರು ಬೇರೆ ಜನ.

ಪಶ್ಚಿಮ ಲಂಡನ್ನಿನ ಸೌತಾಲ್‌ಗೆ 1950ರ ದಶಕದಲ್ಲಿ ಪಂಜಾಬಿಗಳು ಬಂದದ್ದು ಹೂದೋಟಕ್ಕಲ್ಲ. ಪಕ್ಕದ ಹೇಯ್ಸ್‌ನ ರಬ್ಬರ್ ಕಾರ್ಖಾನೆಯಲ್ಲಿ ಕೆಲಸವಿತ್ತು. ಬಾಡಿಗೆ ಮನೆ ಕೊಡಲು ನಿರಾಕರಿಸಿದರೆ ಕೇಳುವ ಕಾನೂನಿರಲಿಲ್ಲ. ವಸತಿಯಲ್ಲಿ ವರ್ಣಭೇದ ತಪ್ಪೆಂದು ಕಾಯ್ದೆ ಹೇಳಿದ್ದು 1968ರಲ್ಲಿ. ಹೆಂಡತಿ ಮಕ್ಕಳು ಬಂದ ಮೇಲೆ ಶಾಲೆಯ ತಕರಾರು ಎದ್ದಿತು. 1963ರಲ್ಲಿ ಬೀಕನ್ಸ್‌ಫೀಲ್ಡ್ ರೋಡ್ ಶಾಲೆಯ ಬಿಳಿಯ ಪಾಲಕರು ತಮ್ಮ ಮಕ್ಕಳ ತರಗತಿಯಲ್ಲಿ ಭಾರತೀಯರು ಹೆಚ್ಚಾದರೆಂದು ಗಲಾಟೆ ಮಾಡಿದರು. ಶಿಕ್ಷಣ ಸಚಿವ ಎಡ್ವರ್ಡ್ ಬಾಯ್ಲ್ ಆ ಪಾಲಕರನ್ನು ಭೇಟಿಯಾಗಿ ಬಂದು, ಯಾವ ಶಾಲೆಯಲ್ಲೂ ವಲಸಿಗ ಮಕ್ಕಳು ಸುಮಾರು ಶೇ. 30ಕ್ಕಿಂತ ಹೆಚ್ಚಿರದಿದ್ದರೆ ಒಳ್ಳೆಯದು ಎಂದು ಸಂಸತ್ತಿನಲ್ಲಿ ಹೇಳಿದರು. 1965ರಲ್ಲಿ ಅದು ಸುತ್ತೋಲೆಯೇ ಆಯಿತು.

ಫಲ, ಬಸ್ಸು. ಐದು ವರ್ಷದ ಮಕ್ಕಳನ್ನು ಬೆಳಿಗ್ಗೆ ಚಳಿಯಲ್ಲಿ ಬಸ್ಸಿಗೆ ಹತ್ತಿಸಿ, ಹತ್ತಿರದ ಶಾಲೆ ಬಿಟ್ಟು ಮೈಲಿಗಳಾಚೆಯ ಶಾಲೆಗೆ ಕಳಿಸಿದರು. ಸೌತಾಲ್ ಸೇರಿದ್ದ ಈಲಿಂಗ್ ಕೌನ್ಸಿಲ್ ಒಂದರಲ್ಲೇ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಹೀಗೆ ಹೋಗಿಬರುತ್ತಿದ್ದ ಕಾಲವಿತ್ತು. ಬಿಳಿಯ ಮಕ್ಕಳನ್ನು ಸೌತಾಲ್‌ಗೆ ಕರೆತರುವ ಬಸ್ಸು ಮಾತ್ರ ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿಯಬೇಕು, ಆಟಕ್ಕೆ ನಿಲ್ಲುವಂತಿಲ್ಲ. ಮಗುವಿಗೆ ಜ್ವರ ಬಂದರೆ ಕಾರ್ಖಾನೆಯಲ್ಲಿರುವ ತಾಯಿ ಅಲ್ಲಿಗೆ ತಲುಪುವುದು ಹೇಗೆ? ಈ ಪದ್ಧತಿ ಅಲ್ಲಿ ಪೂರ್ತಿ ನಿಂತದ್ದು 1980ರ ದಶಕದ ಆರಂಭದಲ್ಲಿ. ಉಪನಗರದ ಇಡೀ ಆಕರ್ಷಣೆ ಮಕ್ಕಳು ನಡೆದು ಹೋಗುವ ಶಾಲೆ ಎಂದಾದರೆ, ಅದನ್ನೇ ಈ ಮಕ್ಕಳಿಂದ ಕಿತ್ತುಕೊಳ್ಳಲಾಗಿತ್ತು.

1972ರ ಆಗಸ್ಟಿನಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಕೊಟ್ಟಾಗ, ಊರು ಆರಿಸುವ ವಿಷಯಕ್ಕೆ ಸರ್ಕಾರವೇ ಇಳಿಯಿತು. ಬ್ರಿಟನ್ನಿಗೆ ಬಂದ ಸುಮಾರು 28,000 ಜನರಿಗಾಗಿ ಪುನರ್ವಸತಿ ಮಂಡಳಿ ದೇಶವನ್ನು ಎರಡು ಬಣ್ಣವಾಗಿ ಹಂಚಿತು. ಹಸಿರು ಊರುಗಳಿಗೆ ಹೋಗಬಹುದು. ಕೆಂಪು ಊರುಗಳಲ್ಲಿ ಆಗಲೇ ಸಾಕಷ್ಟು ಏಷ್ಯನ್ನರಿದ್ದಾರೆ, ಹೋಗಬೇಡಿ. ಈಲಿಂಗ್ ಕೆಂಪು, ಲೆಸ್ಟರ್ ಕೆಂಪು. ಲೆಸ್ಟರಿನ ನಗರಸಭೆ ಉಗಾಂಡಾದ ಪತ್ರಿಕೆಯಲ್ಲೇ ‘ನಮ್ಮಲ್ಲಿಗೆ ಬರಬೇಡಿ’ ಎಂಬರ್ಥದ ಜಾಹೀರಾತು ಹಾಕಿಸಿತು. ಬಹಳ ಜನ ಕೆಂಪು ಊರಿಗೇ ಹೋದರು. ಚಿಕ್ಕಪ್ಪನ ಮನೆಯಲ್ಲಿ ಒಂದು ಕೋಣೆ, ಗುರುತಿನವರ ಅಂಗಡಿಯಲ್ಲಿ ಒಂದು ಕೆಲಸ, ಮಕ್ಕಳ ಜೊತೆ ಗುಜರಾತಿ ಮಾತಾಡುವ ಪಕ್ಕದ ಮನೆ ಇರುವುದು ಅಲ್ಲಿ. ಬಣ್ಣದ ನಕ್ಷೆ ಮಾಡಿದವರಿಗೆ ಇಷ್ಟು ಹೊಳೆಯಲಿಲ್ಲವೆಂಬುದೇ ಆಶ್ಚರ್ಯ.

ಕೀನ್ಯಾ, ಉಗಾಂಡಾದಿಂದ ಬಂದ ಗುಜರಾತಿಗಳು ಕೈಗೆ ನಾಲ್ಕು ಕಾಸು ಬಂದ ಮೇಲೆ ವೆಂಬ್ಲಿ, ಕೆಂಟನ್, ಹ್ಯಾರೋ ಕಡೆ ನಡೆದರು. ಮೂರು ಕೋಣೆಯ ಜೋಡಿಮನೆಗೆ ಹಿಂಭಾಗದಲ್ಲಿ ಒಂದು ಕೋಣೆ, ಅಟ್ಟದಲ್ಲಿ ಇನ್ನೊಂದು ಸೇರಿಸಿದರೆ ಅಜ್ಜ-ಅಜ್ಜಿಗೂ ಜಾಗವಾಗುತ್ತಿತ್ತು. ಗುಮಾಸ್ತನ ಚಿಕ್ಕ ಸಂಸಾರಕ್ಕೆಂದು ಕಟ್ಟಿದ ಮನೆ ಅವಿಭಕ್ತ ಕುಟುಂಬಕ್ಕೆ ಒಗ್ಗಿತು. 2021ರ ಜನಗಣತಿಯಲ್ಲಿ ಹ್ಯಾರೋದ ಜನಸಂಖ್ಯೆಯಲ್ಲಿ ಹಿಂದೂಗಳು ಶೇ. 25.8, ಇಂಗ್ಲೆಂಡಿನ ಯಾವ ಸ್ಥಳೀಯ ಆಡಳಿತ ಪ್ರದೇಶದಲ್ಲೂ ಇಷ್ಟಿಲ್ಲ. ಸರ್ಕಾರದ ಅನುದಾನದ ಮೊದಲ ಹಿಂದೂ ಶಾಲೆ ಕೃಷ್ಣ ಅವಂತಿ 2008ರಲ್ಲಿ ತೆರೆದದ್ದೂ ಹ್ಯಾರೋದಲ್ಲೇ.

ಕನ್ನಡಿಗರು ಈ ದಾರಿಯಲ್ಲಿ ಬಂದವರಲ್ಲ. ಮೊದಲ ಅಲೆಯಲ್ಲಿ ವೈದ್ಯರೇ ಹೆಚ್ಚು. ಮೈಸೂರು, ಮಣಿಪಾಲ, ಹುಬ್ಬಳ್ಳಿಯಲ್ಲಿ ಕಲಿತು ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದವರಿಗೆ ಊರನ್ನು ಆಸ್ಪತ್ರೆಯೇ ಗೊತ್ತುಮಾಡುತ್ತಿತ್ತು. ಆರು ತಿಂಗಳಿಗೊಮ್ಮೆ ಹುದ್ದೆ ಬದಲು, ಊರು ಬದಲು, ಮಕ್ಕಳ ಶಾಲೆಯೂ ಬದಲು. ಸ್ಥಳೀಯ ವೈದ್ಯರು ಒಲ್ಲದ ಗಣಿ ಊರುಗಳಲ್ಲಿ, ವೃದ್ಧರ ಮತ್ತು ಮಾನಸಿಕ ರೋಗಿಗಳ ವಿಭಾಗಗಳಲ್ಲಿ ಭಾರತೀಯ ವೈದ್ಯರು ತುಂಬಿದ್ದರು. ಉಪನಗರವನ್ನು ನಕ್ಷೆ ನೋಡಿ ಆರಿಸುವ ಸೌಭಾಗ್ಯ ಬಂದದ್ದು 1990ರ ದಶಕದ ಕೊನೆಯಿಂದ ಬಂದ ಸಾಫ್ಟ್‌ವೇರ್ ತಲೆಮಾರಿಗೆ. ಕಂಪನಿಗಳು ಎಂ4 ಹೆದ್ದಾರಿಯ ಬದಿಗೆ ಇದ್ದುದರಿಂದ ಇವರಲ್ಲಿ ಅನೇಕರು ಹೌನ್ಸ್ಲೋ, ಸ್ಲೌ, ರೆಡಿಂಗ್ ಎಂದು ಪಶ್ಚಿಮಕ್ಕೆ ಸಾಲಾಗಿ ನೆಲೆಸಿದರು.

ಅಷ್ಟರಲ್ಲಿ ಶಾಲೆಯ ಲೆಕ್ಕಾಚಾರವೇ ಬದಲಾಗಿತ್ತು. 1980 ಮತ್ತು 1988ರ ಕಾಯ್ದೆಗಳು ಇಷ್ಟದ ಶಾಲೆಯನ್ನು ಸೂಚಿಸುವ ಹಕ್ಕನ್ನು ಪಾಲಕರಿಗೆ ಕೊಟ್ಟವು. 1989ರ ಗ್ರೆನಿಚ್ ತೀರ್ಪು, ಸ್ವಂತ ಎಲ್ಲೆಯ ಮಕ್ಕಳಿಗೇ ಮೊದಲ ಮಣೆ ಎಂದು ಕೌನ್ಸಿಲ್‌ಗಳು ಹೇಳುವಂತಿಲ್ಲ ಎಂದಿತು. 1992ರಿಂದ ಪ್ರೌಢಶಾಲೆಗಳ ಫಲಿತಾಂಶದ ಪಟ್ಟಿ ಪತ್ರಿಕೆಗಳಲ್ಲಿ ಬರತೊಡಗಿತು. ಹಕ್ಕು ಎಲ್ಲರಿಗೂ ಸಿಕ್ಕಿತು, ಸೀಟು ಸಿಗಲಿಲ್ಲ. ಒಳ್ಳೆಯ ಶಾಲೆಗೆ ಅರ್ಜಿ ಹೆಚ್ಚಾದಾಗ ಮನೆಯಿಂದ ಶಾಲೆಗಿರುವ ದೂರವನ್ನು ನೇರಗೆರೆ ಎಳೆದು ಅಳೆಯುವುದು ಬಹಳ ಕಡೆಯ ರೂಢಿ. ಹಾಗಾಗಿ ಬೀದಿಯ ಈ ತುದಿಯ ಬಾಡಿಗೆ ಬೇರೆ, ಆ ತುದಿಯ ಬಾಡಿಗೆ ಬೇರೆ. ಪ್ರಾಥಮಿಕ ಶಾಲೆಯ ಮೊದಲ ತರಗತಿಗೆ ಅರ್ಜಿ ಕೊಡಲು ಜನವರಿ 15 ಕೊನೆಯ ದಿನ. ಆ ಹೊತ್ತಿಗೆ ವಿಳಾಸ ಬೇಕು. ಬೆಂಗಳೂರಿನಿಂದ ಜೂನಿನಲ್ಲಿ ಬಂದಿಳಿದವರು ನಡುವರ್ಷದ ಅರ್ಜಿ ಹಾಕಿ, ಯಾರಾದರೂ ಬಿಟ್ಟುಹೋದ ಸೀಟಿಗೆ ಕಾಯಬೇಕು. ಅದು ಇಷ್ಟಪಟ್ಟ ಶಾಲೆಯಲ್ಲೇ ಸಿಗಬೇಕೆಂದಿಲ್ಲ. ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ ಆಗುವುದೂ ಉಂಟು.

2022ರ ಮೇ ತಿಂಗಳಲ್ಲಿ ಎಲಿಜಬೆತ್ ಲೈನ್ ತೆರೆಯಿತು. ರೆಡಿಂಗ್, ಸ್ಲೌ, ಸೌತಾಲ್‌ಗಳ ರೈಲು ಈಗ ಬದಲಾಯಿಸುವ ಗೋಜಿಲ್ಲದೆ ಲಂಡನ್ನಿನ ನಡುವಿಗೇ ಹೋಗುತ್ತದೆ. ಸೌತಾಲ್ ಸ್ಟೇಷನ್ನಿನ ಪಕ್ಕದ ಹಳೆಯ ಗ್ಯಾಸ್ ಕಾರ್ಖಾನೆಯ ಜಾಗದಲ್ಲಿ ಸಾವಿರಾರು ಫ್ಲ್ಯಾಟುಗಳು ಏಳುತ್ತಿವೆ. ನೆಲ ಅಗೆದಾಗ ಎದ್ದ ವಾಸನೆಯ ಬಗ್ಗೆ ಹಳೆಯ ನಿವಾಸಿಗಳು ವರ್ಷಗಟ್ಟಲೆ ದೂರಿದರು. ಪುನರ್ವಸತಿ ಮಂಡಳಿ ಕೆಂಪು ಬಳಿದಿದ್ದ ಪ್ರದೇಶದ ಈ ಫ್ಲ್ಯಾಟುಗಳ ಬೆಲೆ, ಬಸ್ಸು ಹತ್ತಿದ ಆ ಮಕ್ಕಳಲ್ಲಿ ಅನೇಕರ ಮಕ್ಕಳಿಗೇ ಈಗ ಎಟಕುವುದಿಲ್ಲ.